ಸ್ಪೆಷಲ್ ಎಜುಕೇಶನ್‌ನಲ್ಲಿ ಜನಾಂಗದ ಅಸಮಪ್ರಮಾಣ: ಅಮೆರಿಕದ ಶಾಲೆಗಳ ಪೋಷಕರಿಗೆ, ಶಿಕ್ಷಕರಿಗೆ ಒಂದು ಸಮಗ್ರ ಮಾರ್ಗದರ್ಶಿ

ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ 2021–22ರಲ್ಲಿ ಸುಮಾರು 73 ಲಕ್ಷ ಮಕ್ಕಳು ವಿಶೇಷ ಶಿಕ್ಷಣದ ಸೇವೆ ಪಡೆಯುತ್ತಿದ್ದರು. ಅಂದರೆ ನೂರಕ್ಕೆ 15 ಮಕ್ಕಳು. ಇದೇ ಲೆಕ್ಕವನ್ನು ಜನಾಂಗವಾರು ಬಿಡಿಸಿದರೆ ಮೂಲನಿವಾಸಿ ಸಮುದಾಯಗಳ ಮಕ್ಕಳಲ್ಲಿ ನೂರಕ್ಕೆ 19, ಕಪ್ಪು ಜನಾಂಗದ ಮಕ್ಕಳಲ್ಲಿ 17, ಏಷ್ಯನ್ ಮಕ್ಕಳಲ್ಲಿ 8. ಈ ಅಂತರ ಎಲ್ಲ ಬಗೆಯ ತೊಂದರೆಗಳಲ್ಲೂ ಒಂದೇ ತೆರನಾಗಿಲ್ಲ. ಕಿವುಡುತನ, ಅಂಧತ್ವದಂತೆ ವೈದ್ಯರು ಅಳೆದು ಹೇಳಬಹುದಾದ ವಿಭಾಗಗಳಲ್ಲಿ ಕಡಿಮೆ. ‘ಭಾವನಾತ್ಮಕ ತೊಂದರೆ’, ‘ಬೌದ್ಧಿಕ ಅಂಗವೈಕಲ್ಯ’ದಂತೆ ಶಿಕ್ಷಕರ ಮತ್ತು ಪರೀಕ್ಷಕರ ಅಭಿಪ್ರಾಯದ ಮೇಲೆ ನಿಂತ ವಿಭಾಗಗಳಲ್ಲಿ ಹೆಚ್ಚು. ಮನುಷ್ಯರ ತೀರ್ಮಾನಕ್ಕೆ ಜಾಗ ಇರುವ ಕಡೆಯೇ ಅಂತರ ಹಿಗ್ಗುತ್ತದೆ. ಹಾಗಾಗಿ ಸರಿಪಡಿಸುವ ಕೆಲಸವೂ ಆ ತೀರ್ಮಾನಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು ನೋಡುವುದರಿಂದಲೇ ಶುರುವಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಮಾರ್ಗದರ್ಶಿ ಅಲ್ಲಿನ ಶಾಲೆಗಳ ಜೊತೆ ಒಡನಾಟ ಇರುವ ಕನ್ನಡಿಗರಿಗಾಗಿ: ತರಗತಿ ಶಿಕ್ಷಕರು, ಅವರಿಗೆ ನೆರವಾಗುವ ಪ್ಯಾರಾ ಎಜುಕೇಟರ್‌ಗಳು, ಸ್ಪೀಚ್ ಥೆರಪಿಸ್ಟ್‌ಗಳು, ಶಾಲೆಯ ಸಲಹಾ ಸಮಿತಿಯಲ್ಲಿ ಕೂರುವ ಅಪ್ಪ-ಅಮ್ಮಂದಿರು. ನಮ್ಮ ಮಕ್ಕಳು ‘ಏಷ್ಯನ್’ ಎಂಬ ಕಾಲಮ್ಮಿಗೆ ಸೇರುತ್ತಾರೆ. ಅಲ್ಲಿ ಸಂಖ್ಯೆ ಕಡಿಮೆ ಇದೆಯೆಂದು ನಿಶ್ಚಿಂತೆಯಿಂದ ಇರುವಂತಿಲ್ಲ. ನೆರವು ಬೇಕಾದ ಮಗು ಯಾರ ಕಣ್ಣಿಗೂ ಬೀಳದೆ ಉಳಿಯುವುದೂ ಇದೇ ಸಮಸ್ಯೆಯ ಇನ್ನೊಂದು ಮಗ್ಗುಲು.

ಮೊದಲು ತಿಳಿದಿರಬೇಕಾದ ಹಿನ್ನೆಲೆ

1970ರಲ್ಲಿ ಕ್ಯಾಲಿಫೋರ್ನಿಯಾದ ಸೊಲೆಡಾಡ್ ಎಂಬ ಊರಿನ ಒಂಬತ್ತು ಮೆಕ್ಸಿಕನ್ ಮೂಲದ ಮಕ್ಕಳ ಪರವಾಗಿ ‘ಡಯಾನಾ’ ಮೊಕದ್ದಮೆ ದಾಖಲಾಯಿತು. ಮನೆಯಲ್ಲಿ ಸ್ಪ್ಯಾನಿಷ್ ಆಡುತ್ತಿದ್ದ ಮಕ್ಕಳಿಗೆ ಇಂಗ್ಲಿಷಿನಲ್ಲಿ ಐಕ್ಯೂ ಪರೀಕ್ಷೆ ಕೊಟ್ಟು, ಬುದ್ಧಿ ಕಡಿಮೆ ಎಂದು ಬೇರೆ ತರಗತಿಯಲ್ಲಿ ಕೂರಿಸಿದ್ದರು. ಎರಡೂ ಭಾಷೆ ಬಲ್ಲವರು ಮತ್ತೆ ಪರೀಕ್ಷಿಸಿದಾಗ ಅವರಲ್ಲಿ ಹೆಚ್ಚಿನವರು ಆ ತರಗತಿಗೆ ಸೇರಬೇಕಾದವರೇ ಆಗಿರಲಿಲ್ಲ. ಮರುವರ್ಷ ಸ್ಯಾನ್ ಫ್ರಾನ್ಸಿಸ್ಕೋದ ಕಪ್ಪು ಕುಟುಂಬಗಳು ‘ಲ್ಯಾರಿ ಪಿ. ವಿರುದ್ಧ ರೈಲ್ಸ್’ ಮೊಕದ್ದಮೆ ಹೂಡಿದವು. ಅಲ್ಲಿನ ಶಾಲೆಗಳ ಒಟ್ಟು ಮಕ್ಕಳಲ್ಲಿ ಕಪ್ಪು ಮಕ್ಕಳು ಶೇ 28.5; ‘ಶಿಕ್ಷಣಯೋಗ್ಯ ಬುದ್ಧಿಮಾಂದ್ಯ’ ಎಂಬ ಹೆಸರಿನ ತರಗತಿಗಳಲ್ಲಿ ಶೇ 66. ಕಪ್ಪು ಮಕ್ಕಳನ್ನು ಅಂಥ ತರಗತಿಗೆ ಹಾಕಲು ಐಕ್ಯೂ ಪರೀಕ್ಷೆ ಬಳಸಕೂಡದು ಎಂದು ನ್ಯಾಯಾಧೀಶ ರಾಬರ್ಟ್ ಪೆಕ್‌ಹ್ಯಾಮ್ 1979ರಲ್ಲಿ ತೀರ್ಪು ಕೊಟ್ಟರು.

ಈ ಮಧ್ಯೆ 1975ರಲ್ಲಿ, ಅಂಗವೈಕಲ್ಯ ಇರುವ ಪ್ರತಿ ಮಗುವಿಗೂ ಉಚಿತವಾಗಿ, ತಕ್ಕ ಶಿಕ್ಷಣ ಸಿಗಬೇಕೆಂಬ ಕಾಯ್ದೆ ಬಂತು. 1990ರಲ್ಲಿ ಅದಕ್ಕೆ ‘ಐಡಿಇಎ’ ಎಂಬ ಹೆಸರಾಯಿತು. ಬಾಯಿಮಾತಿನಲ್ಲಿ ಎಲ್ಲರೂ ‘ಐಡಿಯಾ’ ಎನ್ನುತ್ತಾರೆ. 2004ರ ತಿದ್ದುಪಡಿ ಜನಾಂಗದ ಅಸಮಪ್ರಮಾಣವನ್ನು ಪ್ರತಿ ರಾಜ್ಯವೂ ಲೆಕ್ಕ ಹಾಕಲೇಬೇಕೆಂದಿತು. ಆದರೆ ‘ಗಣನೀಯ ಅಸಮಪ್ರಮಾಣ’ ಎಂದರೆ ಎಷ್ಟು ಎಂಬುದನ್ನು ರಾಜ್ಯಗಳಿಗೇ ಬಿಟ್ಟಿದ್ದರಿಂದ ಬಹಳಷ್ಟು ರಾಜ್ಯಗಳ ಲೆಕ್ಕದಲ್ಲಿ ಸಮಸ್ಯೆ ಇರುವ ಒಂದು ಡಿಸ್ಟ್ರಿಕ್ಟೂ (ಒಂದು ಪ್ರದೇಶದ ಸರ್ಕಾರಿ ಶಾಲೆಗಳ ಆಡಳಿತ ಘಟಕ) ಸಿಗಲಿಲ್ಲ. ಕೊನೆಗೆ 2016ರ ಡಿಸೆಂಬರ್‌ನಲ್ಲಿ ಎಲ್ಲ ರಾಜ್ಯಗಳಿಗೂ ಒಂದೇ ಲೆಕ್ಕದ ವಿಧಾನ ನಿಗದಿಯಾಯಿತು. ಅದರ ಜಾರಿಯನ್ನು ಎರಡು ವರ್ಷ ಮುಂದೂಡಲು ಹೊರಟ ಕೇಂದ್ರ ಶಿಕ್ಷಣ ಇಲಾಖೆಯ ಆದೇಶವನ್ನು 2019ರ ಮಾರ್ಚ್‌ನಲ್ಲಿ ನ್ಯಾಯಾಲಯ ರದ್ದು ಮಾಡಿತು.

ಹಂತ 1: ಜನ ಕೂಡಿಸಿ

ಒಬ್ಬ ಸ್ಪೆಷಲ್ ಎಜುಕೇಶನ್ ನಿರ್ದೇಶಕರು ಒಂಟಿಯಾಗಿ ಮಾಡುವ ಕೆಲಸ ಇದಲ್ಲ. ಮಗು ಸಾಮಾನ್ಯ ತರಗತಿಯಿಂದ ಹೊರಟು ವಿಶೇಷ ಶಿಕ್ಷಣಕ್ಕೆ ಬರುತ್ತದೆ. ಆದ್ದರಿಂದ ಸಾಮಾನ್ಯ ತರಗತಿಯ ಶಿಕ್ಷಕರು, ಪ್ರಿನ್ಸಿಪಾಲರು, ಶಾಲಾ ಮನಶ್ಶಾಸ್ತ್ರಜ್ಞರು, ಇಂಗ್ಲಿಷ್ ಕಲಿಯುವ ಮಕ್ಕಳ ಶಿಕ್ಷಕರು, ಅಂಕಿಅಂಶ ನೋಡಿಕೊಳ್ಳುವವರು, ಶಿಸ್ತಿನ ವಿಚಾರ ನೋಡುವ ಉಪಪ್ರಾಂಶುಪಾಲರು ಒಂದೇ ಮೇಜಿನ ಸುತ್ತ ಇರಬೇಕು. ಯಾವ ಸಮುದಾಯದ ಅಂಕಿ ಎದ್ದು ಕಾಣುತ್ತಿದೆಯೋ ಆ ಸಮುದಾಯದ ಪೋಷಕರು ಮೊದಲ ಸಭೆಯಿಂದಲೇ ಇರಲಿ. ಎಲ್ಲ ತೀರ್ಮಾನ ಆದಮೇಲೆ ಅವರನ್ನು ಕರೆದು ಸಹಿ ಹಾಕಿಸಿಕೊಂಡರೆ ಉಪಯೋಗವಿಲ್ಲ.

ಮ್ಯಾಸಚುಸೆಟ್ಸ್, ನ್ಯೂಜೆರ್ಸಿಗಳಲ್ಲಿ ಪ್ರತಿ ಡಿಸ್ಟ್ರಿಕ್ಟಿಗೂ ವಿಶೇಷ ಶಿಕ್ಷಣದ ಪೋಷಕರ ಸಲಹಾ ಗುಂಪು ಇರಬೇಕೆಂಬ ನಿಯಮವಿದೆ. ಕ್ಯಾಲಿಫೋರ್ನಿಯಾದಲ್ಲಿ ಕಮ್ಯುನಿಟಿ ಅಡ್ವೈಸರಿ ಕಮಿಟಿಗಳಿವೆ. ಕನ್ನಡದ ಕುಟುಂಬಗಳು ಇಂಥ ಕಡೆ ಹೆಚ್ಚು ಹೆಚ್ಚು ಹೋಗಬೇಕು, ನಮ್ಮ ಮಕ್ಕಳ ವಿಷಯ ಇರಲಿ, ಇಲ್ಲದಿರಲಿ.

ಹಂತ 2: ರಿಸ್ಕ್ ರೇಶಿಯೋ ಲೆಕ್ಕ ಹಾಕುವುದು

ಕಾನೂನು ಬಳಸುವ ಅಳತೆಗೋಲು ರಿಸ್ಕ್ ರೇಶಿಯೋ. ಹೆಸರು ಕೇಳಿ ಹೆದರಬೇಕಿಲ್ಲ. ಎರಡು ಭಾಗಾಕಾರ, ಆಮೇಲೆ ಇನ್ನೊಂದು.

10,000 ಮಕ್ಕಳಿರುವ ಡಿಸ್ಟ್ರಿಕ್ಟ್ ಒಂದನ್ನು ಕಲ್ಪಿಸಿಕೊಳ್ಳಿ. ಕಪ್ಪು ಮಕ್ಕಳು 1,500; ಅವರಲ್ಲಿ ‘ಭಾವನಾತ್ಮಕ ತೊಂದರೆ’ ಎಂದು ಗುರುತಿಸಿದವರು 60. ಅಂದರೆ ಶೇ 4. ಉಳಿದ 8,500 ಮಕ್ಕಳಲ್ಲಿ ಹಾಗೆ ಗುರುತಿಸಿದವರು 85. ಅಂದರೆ ಶೇ 1. ನಾಲ್ಕನ್ನು ಒಂದರಿಂದ ಭಾಗಿಸಿದರೆ 4.0. ಉಳಿದ ಮಕ್ಕಳಿಗೆ ಹೋಲಿಸಿದರೆ ಈ ಡಿಸ್ಟ್ರಿಕ್ಟಿನ ಕಪ್ಪು ಮಗುವಿಗೆ ಆ ಹಣೆಪಟ್ಟಿ ಬೀಳುವ ಸಂಭವ ನಾಲ್ಕು ಪಟ್ಟು.

ಇಂಥ ಲೆಕ್ಕವನ್ನು ಹದಿನಾಲ್ಕು ವಿಷಯಗಳಿಗೆ ಹಾಕಬೇಕು. ಗುರುತಿಸುವಿಕೆಯಲ್ಲಿ ಏಳು: ಎಲ್ಲ ಅಂಗವೈಕಲ್ಯಗಳು ಸೇರಿ ಒಂದು, ಬೌದ್ಧಿಕ ಅಂಗವೈಕಲ್ಯ, ನಿರ್ದಿಷ್ಟ ಕಲಿಕಾ ನ್ಯೂನತೆ, ಭಾವನಾತ್ಮಕ ತೊಂದರೆ, ಮಾತು-ಭಾಷೆಯ ತೊಂದರೆ, ಇತರ ಆರೋಗ್ಯ ಸಮಸ್ಯೆ, ಆಟಿಸಂ ಇವು ಆರು. ಎಲ್ಲಿ ಕೂರಿಸಿದ್ದಾರೆ ಎಂಬುದಕ್ಕೆ ಎರಡು: ದಿನದ ಶೇ 40ಕ್ಕಿಂತ ಕಡಿಮೆ ಹೊತ್ತು ಸಾಮಾನ್ಯ ತರಗತಿಯಲ್ಲಿ ಇರುವವರು, ಪ್ರತ್ಯೇಕ ಶಾಲೆ ಅಥವಾ ವಸತಿ ಕೇಂದ್ರದಲ್ಲಿ ಇರುವವರು. ಶಿಸ್ತುಕ್ರಮಕ್ಕೆ ಐದು: ಶಾಲೆಯಿಂದ ಹೊರಗಿಟ್ಟದ್ದು ಹತ್ತು ದಿನದೊಳಗೆ, ಹತ್ತು ದಿನ ಮೀರಿ, ಶಾಲೆಯೊಳಗಿನ ಸಸ್ಪೆನ್ಷನ್ ಹತ್ತು ದಿನದೊಳಗೆ, ಹತ್ತು ದಿನ ಮೀರಿ, ಮತ್ತು ಒಟ್ಟು ಹೊರಹಾಕುವಿಕೆ. ಏಳು ಜನಾಂಗೀಯ ಗುಂಪುಗಳಿಗೆ ಈ ಹದಿನಾಲ್ಕನ್ನೂ ಹಾಕಿದರೆ ಒಟ್ಟು 98 ಲೆಕ್ಕ.

ಮಿತಿ ಎಷ್ಟು ಎಂಬುದನ್ನು ಪ್ರತಿ ರಾಜ್ಯವೂ ಸಂಬಂಧಪಟ್ಟವರ ಸಲಹೆ ಪಡೆದು ಗೊತ್ತುಮಾಡುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಅದು 3.0. ಮೂರು ವರ್ಷದವರೆಗಿನ ಅಂಕಿಅಂಶ ನೋಡಿ ತೀರ್ಮಾನಿಸುವ ಅವಕಾಶ ರಾಜ್ಯಗಳಿಗಿದೆ. ರೇಶಿಯೋ ಮಿತಿ ಮೀರಿದ್ದರೂ ಹಿಂದಿನ ಎರಡು ವರ್ಷ ಸತತವಾಗಿ ಸಾಕಷ್ಟು ಇಳಿಯುತ್ತ ಬಂದಿದ್ದರೆ ವಿನಾಯಿತಿ ಕೊಡಬಹುದು.

ಮಿತಿ ದಾಟಿದ ಮೇಲೆ ನೋಡೋಣ ಎಂದು ಕಾಯುವುದು ದೊಡ್ಡ ತಪ್ಪು. ಮಿತಿ 3.0 ಇರುವ ಕಡೆ 2.9 ಇದ್ದ ಡಿಸ್ಟ್ರಿಕ್ಟಿಗೆ ರಾಜ್ಯದಿಂದ ಕಾಗದ ಬರುವುದಿಲ್ಲ. ಮಕ್ಕಳ ಪಾಲಿಗೆ 2.9ಕ್ಕೂ 3.1ಕ್ಕೂ ಏನು ವ್ಯತ್ಯಾಸ? ಗುಂಪು ತೀರಾ ಚಿಕ್ಕದಾಗಿದ್ದರೆ ರಾಜ್ಯ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಇರಬಹುದು. ಮೂಲನಿವಾಸಿ ಮಕ್ಕಳು ಬಹಳ ಕಡೆ ಹೀಗೆ ಅಂಕಿಯಿಂದಲೇ ಮಾಯವಾಗುತ್ತಾರೆ. ಅಂಥ ಕಡೆ ರೇಶಿಯೋ ಬಿಟ್ಟು ಒಂದೊಂದು ಮಗುವಿನ ಕಡತವನ್ನೇ ತೆರೆದು ಓದಬೇಕು.

1ಕ್ಕಿಂತ ಬಹಳ ಕೆಳಗಿರುವ ಅಂಕಿಗಳನ್ನೂ ಗುರುತು ಹಾಕಿಕೊಳ್ಳಿ. ಅದನ್ನು ಕಾನೂನು ಕೇಳುವುದಿಲ್ಲ, ಆದರೂ ಮಾಡಿ. ಕಾರಣ ಇದು: ಅಲ್ಪಸಂಖ್ಯಾತ ಮಕ್ಕಳನ್ನು ಹೆಚ್ಚಾಗಿ ಅಲ್ಲ, ಕಡಿಮೆಯಾಗಿಯೇ ಗುರುತಿಸಲಾಗುತ್ತಿದೆ ಎಂದು ಪಾಲ್ ಮಾರ್ಗನ್, ಜಾರ್ಜ್ ಫಾರ್ಕಸ್ ಮತ್ತು ಸಂಗಡಿಗರು 2015ರಲ್ಲಿ ವಾದಿಸಿದರು, ಕಲಿಕೆಯ ಮಟ್ಟ, ಬಡತನ ಇತ್ಯಾದಿ ಒಂದೇ ಸಮ ಇರುವ ಮಕ್ಕಳನ್ನು ಹೋಲಿಸಿದರೆ ಹಾಗೆ ಕಾಣುತ್ತದೆ ಎಂಬುದು ಅವರ ಆಧಾರ. ರಸೆಲ್ ಸ್ಕಿಬಾ ಮುಂತಾದ ಸಂಶೋಧಕರು ಇದನ್ನು ಬಲವಾಗಿ ವಿರೋಧಿಸಿದರು. ಈ ಚರ್ಚೆ ಇನ್ನೂ ಮುಗಿದಿಲ್ಲ. ಡಿಸ್ಟ್ರಿಕ್ಟಿನ ಮಟ್ಟದಲ್ಲಿ ಕೆಲಸ ಮಾಡುವವರಿಗೆ ಎರಡೂ ಕಡೆಯ ಮಾತು ಬೇಕು. ಒಂದೇ ಶಾಲೆಯಲ್ಲಿ ಒಬ್ಬ ಕಪ್ಪು ಹುಡುಗನಿಗೆ ಸಲ್ಲದ ಹಣೆಪಟ್ಟಿ ಬಿದ್ದಿರಬಹುದು, ಪಕ್ಕದ ಬೆಂಚಿನ ಕಪ್ಪು ಹುಡುಗಿಯ ಡಿಸ್ಲೆಕ್ಸಿಯಾ ಯಾರಿಗೂ ತಿಳಿಯದೆ ಹೋಗಿರಬಹುದು.

ಮಾಡಲೇಬಾರದ ಒಂದು ಕೆಲಸ

ಅಂಕಿ ಇಳಿಸಬೇಕೆಂದು ಮಿತಿ ಹೇರಬೇಡಿ. ಟೆಕ್ಸಾಸ್ 2004ರಲ್ಲಿ ಒಂದು ಸೂಚ್ಯಂಕ ತಂದಿತು: ವಿಶೇಷ ಶಿಕ್ಷಣದಲ್ಲಿರುವ ಮಕ್ಕಳು ಶೇ 8.5ಕ್ಕಿಂತ ಹೆಚ್ಚಾದರೆ ಡಿಸ್ಟ್ರಿಕ್ಟಿಗೆ ಕಡಿಮೆ ಅಂಕ. ಡಿಸ್ಟ್ರಿಕ್ಟುಗಳು ಮಕ್ಕಳನ್ನು ಪರೀಕ್ಷಿಸುವುದನ್ನೇ ತಡಮಾಡಿದವು, ನಿರಾಕರಿಸಿದವು. 2016ರಲ್ಲಿ ಹ್ಯೂಸ್ಟನ್ ಕ್ರಾನಿಕಲ್ ಪತ್ರಿಕೆ ಇದನ್ನು ಹೊರಗೆಳೆಯಿತು. 2018ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಇಲಾಖೆ, ಟೆಕ್ಸಾಸ್ ರಾಜ್ಯವು ಕಾನೂನನ್ನು ಮುರಿದಿದೆ ಎಂದು ಹೇಳಿತು. ಅಷ್ಟರೊಳಗೆ ಎಷ್ಟೋ ಮಕ್ಕಳ ಪ್ರಾಥಮಿಕ ಶಾಲೆಯ ವರ್ಷಗಳು ನೆರವಿಲ್ಲದೆ ಕಳೆದುಹೋಗಿದ್ದವು. ‘ಈ ವರ್ಷ ಕಪ್ಪು ಮಕ್ಕಳ ರೆಫರಲ್ (ಪರೀಕ್ಷೆಗೆ ಕಳಿಸುವುದು) ಕಡಿಮೆ ಮಾಡಿ’ ಎಂದು ಯಾರಾದರೂ ಸಭೆಯಲ್ಲಿ ಹೇಳಿದರೆ ಅಲ್ಲಿಯೇ ತಡೆಯಿರಿ.

ಹಂತ 3: ಕಡತದ ದಾರಿಯಲ್ಲಿ ನಡೆಯುವುದು

ಇಡೀ ಕೆಲಸದ ಜೀವ ಇರುವುದು ಇಲ್ಲಿ, ನಿಧಾನವಾಗಿ ಮಾಡಿ. 4.0 ಎಂಬ ಸಂಖ್ಯೆ ಎಲ್ಲೋ ತಪ್ಪಾಗಿದೆ ಎನ್ನುತ್ತದೆ, ಎಲ್ಲಿ ಎನ್ನುವುದಿಲ್ಲ. ಅದನ್ನು ಹುಡುಕಲು ಮಗು ಬಂದ ದಾರಿಯನ್ನು ಐದು ತಾಣಗಳಾಗಿ ಬಿಡಿಸಿ: ಶಿಕ್ಷಕರು ಮೊದಲ ಬಾರಿ ಚಿಂತೆ ವ್ಯಕ್ತಪಡಿಸಿದ್ದು, ತರಗತಿಯಲ್ಲಿ ನೆರವು ಕೊಟ್ಟದ್ದು, ಪರೀಕ್ಷೆಗೆ ರೆಫರಲ್ ಆದದ್ದು, ಪರೀಕ್ಷೆ ನಡೆದದ್ದು, ಅರ್ಹತೆಯ ತೀರ್ಮಾನ. ಪ್ರತಿ ತಾಣದಲ್ಲೂ ಜನಾಂಗವಾರು ಎಷ್ಟು ಮಕ್ಕಳು ಬಂದರು, ಎಷ್ಟು ಮಂದಿ ಮುಂದಕ್ಕೆ ಹೋದರು ಎಂದು ಎಣಿಸಿ.

ರೆಫರಲ್‌ನಲ್ಲಿಯೇ ಅಂತರ ಇದ್ದು ಮುಂದೆಲ್ಲ ಸಮವಾಗಿದ್ದರೆ ಹುಡುಕಬೇಕಾದ ಜಾಗ ತರಗತಿ. ರೆಫರಲ್ ಸಮವಾಗಿದ್ದು, ಅರ್ಹತೆಯ ಸಭೆಯಲ್ಲಿ ಬಿಳಿಯ ಮಕ್ಕಳಿಗೆ ‘ಆಟಿಸಂ’ ಅಥವಾ ‘ಇತರ ಆರೋಗ್ಯ ಸಮಸ್ಯೆ’ ಎಂದೂ ಅದೇ ಬಗೆಯ ನಡವಳಿಕೆಯ ಕಪ್ಪು ಮಕ್ಕಳಿಗೆ ‘ಭಾವನಾತ್ಮಕ ತೊಂದರೆ’ ಎಂದೂ ಬರೆದಿದ್ದರೆ ತೊಡಕು ಪರೀಕ್ಷಕರ ಕೋಣೆಯಲ್ಲಿದೆ. ಎರಡಕ್ಕೂ ಮದ್ದು ಬೇರೆ ಬೇರೆ. ಈ ಎಣಿಕೆ ಮಾಡದೆ ಇಡೀ ಡಿಸ್ಟ್ರಿಕ್ಟಿನ ಸಿಬ್ಬಂದಿಗೆ ಒಂದು ದಿನದ ‘ಪೂರ್ವಗ್ರಹ ತರಬೇತಿ’ ಕೊಟ್ಟು ಮುಗಿಸುವ ಡಿಸ್ಟ್ರಿಕ್ಟುಗಳಲ್ಲಿ ಮರುವರ್ಷವೂ ಅದೇ ಅಂಕಿ ಕಂಡರೆ ಆಶ್ಚರ್ಯವಿಲ್ಲ.

ಎಣಿಕೆಯ ನಂತರ ಕೆಲವು ಕಡತಗಳನ್ನು ಪೂರ್ತಿ ಓದಿ. ಎದ್ದುಕಂಡ ಗುಂಪಿನದು ಅರ್ಧ, ಅದೇ ವಿಭಾಗದ ಬೇರೆ ಮಕ್ಕಳದು ಅರ್ಧ. ಹೆಸರು, ಜನಾಂಗ ಮುಚ್ಚಿಟ್ಟು ಓದಿದರೆ ಇನ್ನೂ ಒಳ್ಳೆಯದು. ಓದುವಾಗ ಈ ಪ್ರಶ್ನೆಗಳು ಕೈಯಲ್ಲಿರಲಿ:

- ರೆಫರಲ್ ಪತ್ರದಲ್ಲಿ ಏನು ಕಂಡರೆಂದು ಬರೆದಿದ್ದಾರೆಯೆ, ಅಥವಾ ‘ಉದ್ಧಟ’, ‘ಆಸಕ್ತಿಯಿಲ್ಲ’ ಎಂಬ ತೀರ್ಪು ಮಾತ್ರ ಇದೆಯೆ?
- ಕಣ್ಣು, ಕಿವಿ ತಪಾಸಣೆ ಆಗಿದೆಯೆ? ಮಗು ಎಷ್ಟು ದಿನ ಶಾಲೆಗೆ ಬಂದಿದೆ, ಎಷ್ಟು ಶಾಲೆ ಬದಲಿಸಿದೆ?
- ತರಗತಿಯಲ್ಲಿ ನೆರವು ಕೊಟ್ಟೆವು ಎಂದಿದ್ದರೆ ಯಾವ ನೆರವು, ವಾರಕ್ಕೆ ಎಷ್ಟು ಹೊತ್ತು, ಅದರಿಂದ ಏನಾಯಿತು ಎಂಬ ದಾಖಲೆ ಇದೆಯೆ?
- ಮಗುವನ್ನು ಒಂದೇ ತರಗತಿಯಲ್ಲಿ ನೋಡಿದ್ದಾರೆಯೆ, ಊಟದ ಹಾಲ್, ಆಟದ ಬಯಲಲ್ಲೂ ನೋಡಿದ್ದಾರೆಯೆ?
- ಮನೆಯವರ ಮಾತು ಎಲ್ಲಿದೆ? ಎಷ್ಟು ಸಾಲಿದೆ?

ಕೊನೆಯ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇಪ್ಪತ್ತು ಪುಟದ ವರದಿಯಲ್ಲಿ ತಾಯಿಯ ಮಾತಿಗೆ ಒಂದೂವರೆ ಸಾಲು ಸಿಕ್ಕಿದ್ದರೆ ಆ ವರದಿ ಮಗುವನ್ನು ಪೂರ್ತಿ ನೋಡಿಲ್ಲ.

ರೆಫರಲ್‌ಗಳನ್ನು ಶಾಲೆವಾರು, ತರಗತಿವಾರು, ಕಾರಣವಾರು ಕೂಡ ವಿಂಗಡಿಸಿ. ಅನೇಕ ಸಲ ಡಿಸ್ಟ್ರಿಕ್ಟಿನ ಇಡೀ ಅಸಮಪ್ರಮಾಣದ ಬೇರು ಎರಡು ಮೂರು ಶಾಲೆಗಳಲ್ಲಿ, ಅನುಭವ ಕಡಿಮೆ ಇರುವ ಶಿಕ್ಷಕರೇ ತುಂಬಿರುವ ಕಟ್ಟಡಗಳಲ್ಲಿ ಇರುತ್ತದೆ. ಅಲ್ಲಿ ತಪ್ಪಿತಸ್ಥರನ್ನು ಹುಡುಕುವುದಕ್ಕಿಂತ ಆ ಶಿಕ್ಷಕರ ಬೆನ್ನಿಗೆ ನುರಿತ ಕೋಚ್ ಒಬ್ಬರನ್ನು ನಿಲ್ಲಿಸಿದರೆ ಮಕ್ಕಳಿಗೆ ಬೇಗ ಒಳಿತಾಗುತ್ತದೆ.

ಹಂತ 4: ಸಾಮಾನ್ಯ ತರಗತಿಯ ಪಾಠ ಗಟ್ಟಿಮಾಡುವುದು

ಓದಲು ಸರಿಯಾಗಿ ಕಲಿಸದೆ ಹೋದ ಮಗುವೂ ಓದುವ ನ್ಯೂನತೆ ಇರುವ ಮಗುವೂ ಎರಡನೆಯ ತರಗತಿಯಲ್ಲಿ ನೋಡಲು ಒಂದೇ ಥರ ಇರುತ್ತಾರೆ. ಕಾನೂನು ಇದನ್ನು ಸ್ಪಷ್ಟವಾಗಿ ಗುರುತಿಸಿದೆ: ತೊಂದರೆಗೆ ಮುಖ್ಯ ಕಾರಣ ಓದು ಅಥವಾ ಗಣಿತದಲ್ಲಿ ತಕ್ಕ ಬೋಧನೆ ಸಿಗದಿದ್ದದ್ದು, ಅಥವಾ ಇಂಗ್ಲಿಷ್ ಇನ್ನೂ ಬಾರದಿರುವುದು ಆಗಿದ್ದರೆ ಆ ಮಗುವನ್ನು ಅಂಗವೈಕಲ್ಯ ಉಳ್ಳದ್ದೆಂದು ಪರಿಗಣಿಸುವಂತಿಲ್ಲ. ಆದ್ದರಿಂದ ಶಿಶುವಿಹಾರದಿಂದಲೇ ಅಕ್ಷರ-ಧ್ವನಿ ಸಂಬಂಧವನ್ನು ಕ್ರಮವಾಗಿ ಕಲಿಸುವುದು, ವರ್ಷಕ್ಕೆ ಮೂರು ಸಲ ಎಲ್ಲ ಮಕ್ಕಳಿಗೂ ಚಿಕ್ಕ ಸ್ಕ್ರೀನಿಂಗ್, ಹಿಂದೆ ಬಿದ್ದವರಿಗೆ ಚಿಕ್ಕ ಗುಂಪಿನಲ್ಲಿ ಹೆಚ್ಚುವರಿ ಪಾಠ, ಅದರ ಫಲವನ್ನು ವಾರವಾರ ಗುರುತು ಮಾಡುವುದು: ಇಷ್ಟನ್ನು ಗಟ್ಟಿಯಾಗಿ ಮಾಡಿ. ಸ್ಕ್ರೀನಿಂಗ್ ಎಲ್ಲರಿಗೂ ಆಗುವುದರಿಂದ ಶಿಕ್ಷಕರ ಕಣ್ಣಿಗೆ ಬೀಳದ ‘ಶಾಂತ ಸ್ವಭಾವದ’ ಏಷ್ಯನ್ ಮಗುವೂ ಅಲ್ಲಿ ಸಿಕ್ಕೇ ಸಿಗುತ್ತದೆ.

ಆದರೆ ಈ ಹೆಚ್ಚುವರಿ ಪಾಠ ಪರೀಕ್ಷೆಯನ್ನು ಮುಂದೂಡುವ ನೆಪ ಆಗಬಾರದು. ‘ಹೆಚ್ಚುವರಿ ಪಾಠದ ಮೂರನೆಯ ಹಂತ ಇನ್ನೂ ಮುಗಿದಿಲ್ಲ, ಆಮೇಲೆ ನೋಡೋಣ’ ಎಂಬ ಮಾತಿಗೆ ಕಾನೂನಿನ ಬೆಂಬಲ ಇಲ್ಲ. 2011ರ ಜನವರಿಯಲ್ಲಿ ಕೇಂದ್ರ ಇಲಾಖೆ ಎಲ್ಲ ರಾಜ್ಯಗಳಿಗೂ ಹೀಗೆಂದು ಲಿಖಿತವಾಗಿ ತಿಳಿಸಿದೆ. ಪಾಠವೂ ನಡೆಯಲಿ, ಪರೀಕ್ಷೆಯೂ ನಡೆಯಲಿ.

ಹಂತ 5: ಪರೀಕ್ಷೆ ಮಾಡುವ ರೀತಿ

ಜನಾಂಗ, ಸಂಸ್ಕೃತಿಯ ಆಧಾರದಲ್ಲಿ ತಾರತಮ್ಯ ಆಗದಂಥ ಸಾಧನಗಳನ್ನೇ ಬಳಸಬೇಕು, ಸಾಧ್ಯವಿದ್ದಷ್ಟೂ ಮಗುವಿನ ಮಾತೃಭಾಷೆಯಲ್ಲಿ ಪರೀಕ್ಷಿಸಬೇಕು, ಒಂದೇ ಪರೀಕ್ಷೆಯ ಮೇಲೆ ತೀರ್ಮಾನ ಮಾಡಬಾರದು ಎಂಬುದು ನಿಯಮ. ಕಾಗದದ ಮೇಲೆ ಇದು ಚೆನ್ನಾಗಿಯೇ ಇದೆ. ನಡೆಯುವಾಗ ತೊಡಕು ಎಲ್ಲಿ ಬರುತ್ತದೆ ಎಂಬುದನ್ನು ಕನ್ನಡದ ಮಗುವನ್ನೇ ಇಟ್ಟುಕೊಂಡು ನೋಡೋಣ.

ಮನೆಯಲ್ಲಿ ಕನ್ನಡ ಆಡುವ ನಾಲ್ಕು ವರ್ಷದ ಮಗು ಇಂಗ್ಲಿಷ್ ಮಾತಾಡುವಾಗ ‘ಎ’, ‘ದ’ಗಳನ್ನು ಬಿಡಬಹುದು, ಏಕೆಂದರೆ ಕನ್ನಡದಲ್ಲಿ ಅವಿಲ್ಲ. ಪದದ ಕೊನೆಗೆ ಸ್ವರ ಸೇರಿಸಿ ‘ಬಸ್ಸು’, ‘ಕಾರು’ ಎನ್ನಬಹುದು. ‘ವಿ’, ‘ಡಬ್ಲ್ಯು’ ಅಕ್ಷರಗಳ ಧ್ವನಿಗಳನ್ನು ಒಂದೇ ಮಾಡಬಹುದು. ಕ್ರಿಯಾಪದವನ್ನು ಕೊನೆಗೆ ತಳ್ಳಬಹುದು. ಹೊಸ ಭಾಷೆಯ ತರಗತಿಯಲ್ಲಿ ಕೆಲವು ತಿಂಗಳು ಬಾಯಿಯೇ ತೆರೆಯದಿರಬಹುದು. ಹಿರಿಯರ ಮುಂದೆ ಕಣ್ಣಿಗೆ ಕಣ್ಣಿಟ್ಟು ನೋಡದಿರಬಹುದು. ಇವು ಯಾವುವೂ ತಾವಾಗಿ ಮಾತಿನ ತೊಂದರೆಯ ಲಕ್ಷಣವಲ್ಲ, ಆಟಿಸಂನದೂ ಅಲ್ಲ. ಆದರೆ ಮಗು ಕನ್ನಡದಲ್ಲೂ ತಡವಾಗಿ ಮಾತು ಕಲಿತಿದ್ದರೆ, ಅಜ್ಜಿ ಕರೆದರೂ ತಿರುಗದಿದ್ದರೆ, ವಯಸ್ಸಿಗೆ ತಕ್ಕ ಕನ್ನಡ ವಾಕ್ಯ ಕಟ್ಟಲು ಆಗದಿದ್ದರೆ, ಆಗ ‘ಎರಡು ಭಾಷೆ ಆದ್ದರಿಂದ ಹೀಗೆ’ ಎಂದು ಸಮಾಧಾನ ಪಟ್ಟುಕೊಳ್ಳುವುದು ಮಗುವಿಗೆ ಅನ್ಯಾಯ. ನಿಜವಾದ ಭಾಷಾ ತೊಂದರೆ ಎರಡೂ ಭಾಷೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಇದನ್ನು ಪರೀಕ್ಷಕರಿಗೆ ತಿಳಿಸಬಲ್ಲವರು ಮನೆಯವರು ಮಾತ್ರ.

ಇದೇ ತರ್ಕ ಕಪ್ಪು ಸಮುದಾಯದ ಇಂಗ್ಲಿಷಿಗೂ ಸಲ್ಲುತ್ತದೆ. ಅದಕ್ಕೆ ತನ್ನದೇ ವ್ಯಾಕರಣ ಇದೆ. ಕ್ರಿಯಾಪದದ ಕೊನೆಯ ‘ಎಸ್’ ಬಿಡುವುದು ಆ ವ್ಯಾಕರಣದ ನಿಯಮ, ದೋಷವಲ್ಲ. ಇಂಗ್ಲಿಷಿನ ಯಾವ ಉಪಭಾಷೆಯೂ ಮಾತಿನ ತೊಂದರೆಯಲ್ಲ ಎಂದು ಅಮೆರಿಕದ ಸ್ಪೀಚ್ ಥೆರಪಿಸ್ಟ್‌ಗಳ ರಾಷ್ಟ್ರೀಯ ಸಂಘ 1983ರಲ್ಲೇ ಹೇಳಿದೆ. ಕನ್ನಡದ ಮಗುವಿಗೆ ಬೇಕೆಂದು ನಾವು ಕೇಳುವ ನ್ಯಾಯವನ್ನೇ ಆ ಮಗುವಿಗೂ ಕೇಳಬೇಕು.

ಪೋಷಕರು ಮಾಡಬೇಕಾದ್ದು: ಶಾಲೆಗೆ ಸೇರಿಸುವಾಗ ಕೊಡುವ ಮನೆಭಾಷೆಯ ಫಾರಂನಲ್ಲಿ ಕನ್ನಡ ಎಂದು ನಿಜವನ್ನೇ ಬರೆಯಿರಿ. ‘ಇಂಗ್ಲಿಷ್ ಲರ್ನರ್’ ಪಟ್ಟಿಗೆ ಹಾಕುತ್ತಾರೆಂದು ಹೆದರಿ ‘ಇಂಗ್ಲಿಷ್’ ಎಂದು ಬರೆಯುವವರಿದ್ದಾರೆ. ಮುಂದೆ ಮಗುವಿಗೆ ಪರೀಕ್ಷೆ ಬೇಕಾದಾಗ ಕಡತದಲ್ಲಿ ಕನ್ನಡದ ಸುಳಿವೇ ಇರುವುದಿಲ್ಲ. ಪರೀಕ್ಷೆಗೆ ಮುಂಚೆ ಮನೆಯಲ್ಲಿ ಮಗು ಕನ್ನಡದಲ್ಲಿ ಕತೆ ಹೇಳುವುದನ್ನು, ಆಡುವುದನ್ನು ಹತ್ತು ನಿಮಿಷ ಫೋನಿನಲ್ಲಿ ಚಿತ್ರಿಸಿ ಕೊಡಿ. ಕನ್ನಡ ದುಭಾಷಿಯನ್ನು ಕೇಳಿ. ಸಭೆಯಲ್ಲಿ ಪೋಷಕರಿಗೆ ಅರ್ಥವಾಗುವಂತೆ ದುಭಾಷಿ ಒದಗಿಸುವುದು ಶಾಲೆಯ ಹೊಣೆ. ಪಕ್ಕದ ಮನೆಯ ಅಂಕಲ್ಲನ್ನೋ ದೊಡ್ಡ ಮಗಳನ್ನೋ ಆ ಕೆಲಸಕ್ಕೆ ಕೂರಿಸಬೇಡಿ. ಇಂಗ್ಲಿಷ್ ಪರೀಕ್ಷೆಯನ್ನು ಅಲ್ಲೇ ಬಾಯಲ್ಲಿ ಅನುವಾದಿಸಿ ಕೊಟ್ಟರೆ ಆ ಅಂಕಗಳಿಗೆ ಬೆಲೆ ಇಲ್ಲ. ಹಾಗೆ ಮಾಡಿದ್ದರೆ ವರದಿಯಲ್ಲಿ ಬರೆಸಿ.

ಪರೀಕ್ಷೆ ಬೇಕೆಂದು ಬರವಣಿಗೆಯಲ್ಲೇ ಕೇಳಿ, ದಿನಾಂಕ ಹಾಕಿ. ನೀವು ಒಪ್ಪಿಗೆ ಕೊಟ್ಟ ದಿನದಿಂದ 60 ದಿನದೊಳಗೆ ಮುಗಿಸಬೇಕೆಂಬುದು ಕೇಂದ್ರದ ನಿಯಮ. ಟೆಕ್ಸಾಸಿನಂಥ ರಾಜ್ಯಗಳು ತಮ್ಮದೇ ಗಡುವು ಇಟ್ಟುಕೊಂಡಿವೆ, ಅಲ್ಲಿ 45 ಶಾಲಾ ದಿನ. ಫಲಿತಾಂಶ ಒಪ್ಪಿಗೆಯಾಗದಿದ್ದರೆ ಡಿಸ್ಟ್ರಿಕ್ಟಿನ ಖರ್ಚಿನಲ್ಲಿ ಹೊರಗಿನವರಿಂದ ಮತ್ತೆ ಪರೀಕ್ಷೆ ಮಾಡಿಸಿ ಎಂದು ಕೇಳಬಹುದು. ಡಿಸ್ಟ್ರಿಕ್ಟ್ ಆ ಖರ್ಚು ಕೊಡಬೇಕು, ಇಲ್ಲವೇ ತನ್ನ ಪರೀಕ್ಷೆಯೇ ಸರಿ ಎಂದು ವಿಚಾರಣೆಗೆ ಹೋಗಿ ಸಾಬೀತು ಮಾಡಬೇಕು.

ಹಂತ 6: ಅರ್ಹತೆಯ ಸಭೆ, ಕೂರಿಸುವ ಜಾಗ

ಸಭೆಯಲ್ಲಿ ಹಣೆಪಟ್ಟಿಯ ಮಾತಿಗೆ ಮುಂಚೆ ಒಂದು ಪ್ರಶ್ನೆಯನ್ನು ಕಡ್ಡಾಯ ಮಾಡಿ: ‘ಇದೇ ಅಂಕ, ಇದೇ ನಡವಳಿಕೆಯ ಬೇರೆ ಜನಾಂಗದ ಮಗು ಇದ್ದಿದ್ದರೆ ಇದೇ ತೀರ್ಮಾನ ಮಾಡುತ್ತಿದ್ದೆವೆಯೆ?’ ಉತ್ತರವನ್ನು ಟಿಪ್ಪಣಿಯಲ್ಲಿ ಬರೆಯಿರಿ. ಜಾಗದ ಮಾತು ಹಣೆಪಟ್ಟಿಯಿಂದ ತಾನಾಗಿ ಹುಟ್ಟಬಾರದು. ‘ಭಾವನಾತ್ಮಕ ತೊಂದರೆ’ ಎಂದಾಕ್ಷಣ ಪ್ರತ್ಯೇಕ ಕೋಣೆ ಎಂಬುದು ಎಷ್ಟೋ ಕಡೆ ರೂಢಿಯಾಗಿದೆ. ಸಾಮಾನ್ಯ ತರಗತಿಯಲ್ಲಿ ಯಾವ ನೆರವು ಕೊಟ್ಟು ನೋಡಿದಿರಿ, ಅದು ಏಕೆ ಸಾಲಲಿಲ್ಲ ಎಂದು ಕೇಳುವುದು ಕಾನೂನಿಗೆ ತಕ್ಕ ಪ್ರಶ್ನೆ. ಮೂರು ವರ್ಷಕ್ಕೊಮ್ಮೆ ಆಗುವ ಮರುಪರೀಕ್ಷೆಯಲ್ಲಿ ಹಳೆಯ ಹಣೆಪಟ್ಟಿಯನ್ನು ನಕಲು ಮಾಡದೆ ಹೊಸದಾಗಿ ನೋಡಿ.

ಹಂತ 7: ಶಿಸ್ತುಕ್ರಮ

ಇಲ್ಲಿಯ ಅಂಕಿ ಎಲ್ಲಕ್ಕಿಂತ ನೋವಿನದು. 2017–18ರಲ್ಲಿ ವಿಶೇಷ ಶಿಕ್ಷಣ ಪಡೆಯುತ್ತಿದ್ದ ಕಪ್ಪು ಮಕ್ಕಳು ದೇಶದ ಒಟ್ಟು ವಿದ್ಯಾರ್ಥಿಗಳಲ್ಲಿ ಶೇ 2.3, ಶಾಲೆಯಿಂದ ಹೊರಗಿಟ್ಟ ಮಕ್ಕಳಲ್ಲಿ ಶೇ 8.8.

ಪ್ರತಿ ಸಸ್ಪೆನ್ಷನ್‌ಗೂ ಕಾರಣ, ಸಮಯ, ಜಾಗ, ಕಳಿಸಿದವರು ಯಾರು ಎಂದು ದಾಖಲಿಸಿ. ‘ಅವಿಧೇಯತೆ’, ‘ಅಗೌರವ’ದಂಥ ಅಂದಾಜಿನ ಕಾರಣಗಳಿಗೆ ಹೊರಗೆ ಹಾಕುವುದನ್ನು ನಿಲ್ಲಿಸುವ ನಿಯಮ ತನ್ನಿ, ಹೊಡೆದಾಟ, ಆಯುಧದಂಥ ಕಣ್ಣಿಗೆ ಕಾಣುವ ಕಾರಣಗಳಿಗಿಂತ ಇಂಥವುಗಳಲ್ಲೇ ಪೂರ್ವಗ್ರಹಕ್ಕೆ ಹೆಚ್ಚು ಜಾಗ. ಮಗುವನ್ನು ಸತತವಾಗಿ ಹತ್ತು ಶಾಲಾ ದಿನ ಮೀರಿ ಹೊರಗಿಡುವುದಾದರೆ ಆ ನಿರ್ಧಾರವಾದ ಹತ್ತು ಶಾಲಾ ದಿನದೊಳಗೆ ಸಭೆ ಸೇರಿ ಎರಡು ಪ್ರಶ್ನೆ ಕೇಳಲೇಬೇಕು: ಆ ನಡವಳಿಕೆಗೆ ಮಗುವಿನ ಅಂಗವೈಕಲ್ಯ ಕಾರಣವೆ? ಐಇಪಿಯಲ್ಲಿ, ಅಂದರೆ ಆ ಮಗುವಿಗೆಂದೇ ಮಾಡಿದ ಶಿಕ್ಷಣ ಯೋಜನೆಯಲ್ಲಿ, ಬರೆದದ್ದನ್ನು ಶಾಲೆ ಜಾರಿ ಮಾಡದ್ದು ಕಾರಣವೆ? ಯಾವುದಾದರೂ ಒಂದಕ್ಕೆ ‘ಹೌದು’ ಎಂದಾದರೆ, ಆಯುಧ, ಮಾದಕವಸ್ತು, ಗಂಭೀರ ಗಾಯದಂಥ ಕೆಲವು ಸಂದರ್ಭ ಬಿಟ್ಟು, ಮಗು ತನ್ನ ತರಗತಿಗೆ ಮರಳಬೇಕು. ‘ಇವತ್ತು ಬೇಗ ಬಂದು ಕರೆದುಕೊಂಡು ಹೋಗಿ’ ಎಂಬ ಫೋನು ಕರೆಗಳನ್ನೂ ಎಣಿಸಿ. ಅವು ಎಲ್ಲೂ ದಾಖಲಾಗದ ಸಸ್ಪೆನ್ಷನ್‌ಗಳು.

ಹಂತ 8: ಶೇ 15ರ ಹಣ

ಗಣನೀಯ ಅಸಮಪ್ರಮಾಣ ಇದೆಯೆಂದು ರಾಜ್ಯ ಹೇಳಿದರೆ ಡಿಸ್ಟ್ರಿಕ್ಟ್ ತನ್ನ ನೀತಿ, ಪದ್ಧತಿಗಳನ್ನು ಪರಿಶೀಲಿಸಬೇಕು, ಬದಲಾವಣೆ ಮಾಡಿದರೆ ಸಾರ್ವಜನಿಕವಾಗಿ ಪ್ರಕಟಿಸಬೇಕು, ಜೊತೆಗೆ ಐಡಿಇಎ ಅನುದಾನದ ಶೇ 15ನ್ನು ಮುಂಚಿತ ನೆರವಿಗೆ ಮೀಸಲಿಡಬೇಕು. ಮೂರು ವರ್ಷದ ಮಗುವಿನಿಂದ ಹನ್ನೆರಡನೆಯ ತರಗತಿಯವರೆಗೆ ಯಾರಿಗೆ ಬೇಕಾದರೂ ಇದನ್ನು ಬಳಸಬಹುದು. ಈಗಾಗಲೇ ವಿಶೇಷ ಶಿಕ್ಷಣದಲ್ಲಿರುವ ಮಕ್ಕಳಿಗೇ ಪೂರ್ತಿ ಮೀಸಲಿಡುವಂತಿಲ್ಲ. ಹಂತ 3ರಲ್ಲಿ ಕಂಡ ಕಾರಣಕ್ಕೂ ಖರ್ಚಿಗೂ ನೇರ ಸಂಬಂಧ ಇರಲಿ. ಕಾರಣ ಒಂದನೆಯ ತರಗತಿಯ ಓದು ಎಂದಾದರೆ ಹಣ ಹೋಗಬೇಕಾದ್ದು ಓದು ಕಲಿಸುವ ಕೋಚ್‌ಗಳಿಗೆ. ದುಬಾರಿ ಸಾಫ್ಟ್‌ವೇರ್ ಮಾರಲು ಬರುವವರನ್ನು ಆಮೇಲೆ ನೋಡಿಕೊಳ್ಳಬಹುದು.

ಹಂತ 9: ಮಾತು ನಡೆಯದಿದ್ದರೆ

ಪ್ರತಿ ರಾಜ್ಯದಲ್ಲೂ ಕೇಂದ್ರದ ಅನುದಾನದಲ್ಲಿ ನಡೆಯುವ ಪೋಷಕರ ತರಬೇತಿ ಮತ್ತು ಮಾಹಿತಿ ಕೇಂದ್ರ ಒಂದಾದರೂ ಇದೆ. ಅಲ್ಲಿ ಉಚಿತವಾಗಿ ಸಲಹೆ ಸಿಗುತ್ತದೆ, ಮೊದಲು ಅಲ್ಲಿಗೆ ಹೋಗಿ. ಶಾಲೆ ಕಾನೂನು ಮೀರಿದೆ ಎನಿಸಿದರೆ, ಅದು ನಡೆದ ಒಂದು ವರ್ಷದೊಳಗೆ ರಾಜ್ಯದ ಶಿಕ್ಷಣ ಇಲಾಖೆಗೆ ಲಿಖಿತ ದೂರು ಕೊಡಬಹುದು. ಸಾಮಾನ್ಯವಾಗಿ 60 ದಿನದಲ್ಲಿ ಉತ್ತರ ಬರಬೇಕು. ಜನಾಂಗದ ತಾರತಮ್ಯ ಎನಿಸಿದರೆ 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಅಡಿಯಲ್ಲಿ ಕೇಂದ್ರ ಶಿಕ್ಷಣ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿಗೆ 180 ದಿನದೊಳಗೆ ದೂರು ಕೊಡುವ ದಾರಿಯೂ ಇದೆ. ವೀಸಾ ಮೇಲೆ ಇರುವ ಕುಟುಂಬಗಳೂ ಹಿಂಜರಿಯಬೇಕಿಲ್ಲ. ಈ ಹಕ್ಕುಗಳಿಗೂ ಪೌರತ್ವಕ್ಕೂ ಸಂಬಂಧವಿಲ್ಲ.

ಸಮಿತಿಯಲ್ಲಿ ಇರುವವರು ಪ್ರತಿ ವರ್ಷ ಶಾಲೆ ಶುರುವಾಗುವ ಮುಂಚೆ ಹಂತ 2ರ ಲೆಕ್ಕವನ್ನೂ, ನಡುವರ್ಷದಲ್ಲಿ ರೆಫರಲ್ ಮತ್ತು ಸಸ್ಪೆನ್ಷನ್‌ಗಳ ಎಣಿಕೆಯನ್ನೂ ಮೇಜಿನ ಮೇಲೆ ತರಿಸಿ. ಈಗಾಗಲೇ ಹಣೆಪಟ್ಟಿ ಪಡೆದ ಮಕ್ಕಳು ಶಾಲೆಯಲ್ಲೇ ಇರುವುದರಿಂದ ಒಟ್ಟು ರಿಸ್ಕ್ ರೇಶಿಯೋ ಇಳಿಯಲು ವರ್ಷಗಳೇ ಬೇಕು. ಆ ವರ್ಷ ಹೊಸದಾಗಿ ಗುರುತಿಸಿದ ಮಕ್ಕಳದಷ್ಟೇ ರೇಶಿಯೋವನ್ನು ಬೇರೆಯಾಗಿ ತೆಗೆಸಿ ನೋಡಿದರೆ, ಮಾಡಿದ ಕೆಲಸ ಫಲ ಕೊಡುತ್ತಿದೆಯೋ ಇಲ್ಲವೋ ಎಂಬುದು ಒಂದೆರಡು ವರ್ಷದಲ್ಲೇ ತಿಳಿಯುತ್ತದೆ.